ಬೆಣ್ಣಿ ಸಾರಂಗದ ಗಾಂಧಾರ

ಆ ಭಾನುವಾರ ಮಧ್ಯಾಹ್ನ ಧಾರವಾಡದ ಸಭಾಂಗಣವೊಂದರಲ್ಲಿ ಎಂಟುನೂರು ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಎಲ್ಲರ ಕಿವಿಗಳಲ್ಲೂ ಕಡಲೆಕಾಳಿನ ಗಾತ್ರದ ಬಿಲ್ಲೆ, ಎಲ್ಲರ ಜೇಬಿನಲ್ಲೂ ಫೋನು, ಫೋನಿನಲ್ಲಿ ‘ಇಂಪು’ ಎಂಬ ಆ್ಯಪು. ವೇದಿಕೆಯ ಮೇಲೆ ರೇವಣಸಿದ್ಧ ಕಮಡೊಳ್ಳಿ ಹಾಡುತ್ತಿದ್ದ. ಅವನ ಗಂಟಲಿನಿಂದ ಹೊರಟ ದನಿ ಮೊದಲು ಫೋನಿಗೆ ಹೋಗಿ, ಕಣ್ಣು ಮಿಟುಕಿಸುವುದರೊಳಗೆ ಅಲ್ಲಿ ತಿದ್ದಿಸಿಕೊಂಡು, ಆಮೇಲೆ ಕೇಳುಗರ ಕಿವಿಗೆ ಬರುತ್ತಿತ್ತು. ಸ್ವರವೆಂದರೆ ಗಾಳಿ ಒಂದು ಸೆಕೆಂಡಿನಲ್ಲಿ ಇಷ್ಟು ಸಲ ನಡುಗಬೇಕೆಂಬ ಲೆಕ್ಕ. ಹಾಡುವವನು ಆ ಲೆಕ್ಕದಲ್ಲಿ ಸ್ವಲ್ಪ ಮೇಲೆ ಹೋಗಲಿ, ಕೆಳಗೆ ಬೀಳಲಿ, ಇಂಪು ಅದನ್ನು ಕೈಹಿಡಿದು ತಂದು ಅದರ ಜಾಗದಲ್ಲಿ ಕೂರಿಸುತ್ತಿತ್ತು. ಬಿಲ್ಲೆ ಹೊರಗಿನ ಸದ್ದನ್ನು ಪೂರ್ತಿ ತಡೆಯುವುದರಿಂದ ತಿದ್ದುವ ಮೊದಲಿನ ದನಿ ಹೇಗಿತ್ತೆಂಬುದು ಯಾರಿಗೂ ಕೇಳುತ್ತಿರಲಿಲ್ಲ. ಸಭಾಂಗಣಗಳಿಂದ ಧ್ವನಿವರ್ಧಕಗಳನ್ನು ಕಿತ್ತುಹಾಕಿ ಎಷ್ಟೋ ವರ್ಷಗಳಾಗಿದ್ದವು.

ಮುಂದಿನ ಸಾಲಿನಲ್ಲಿ, ಗೌರವದ ಕುರ್ಚಿಯಲ್ಲಿ, ನೀಲಗಂಗಾ ಹಂಚಿನಾಳ ಕೂತಿದ್ದಳು. ಇಂಪನ್ನು ಕಂಡುಹಿಡಿದವಳು ಅವಳೇ. ವಯಸ್ಸು ಅರವತ್ತು, ಕಸುಬು ಧ್ವನಿವಿಜ್ಞಾನ. ಅವಳಿಲ್ಲದೆ ಊರಿನಲ್ಲಿ ಒಂದು ಕಛೇರಿಯೂ ನಡೆಯುತ್ತಿರಲಿಲ್ಲ, ಹಾರ ಹಾಕಿಸಿಕೊಂಡು ಅವಳ ಕುತ್ತಿಗೆಯೇ ಸೋತಿತ್ತು. ಆ ದಿನ ಮಾತ್ರ ಅವಳ ಕಿವಿ ಬರಿದಾಗಿತ್ತು. ಕಿವಿಯೊಳಗೆ ಕುರುವೆದ್ದು, ಗಾಯ ಒಣಗುವ ತನಕ ಬಿಲ್ಲೆ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದರು. ಹಾಡು ಹೇಗೂ ಗೊತ್ತಿರುವುದೇ, ಹುಡುಗ ಹಾಡುವುದನ್ನು ಕಣ್ಣಿಂದಲಾದರೂ ನೋಡಿ ಬರೋಣವೆಂದು ಬಂದಿದ್ದಳು. ಹುಡುಗನೇನು, ಮೂವತ್ತು ದಾಟಿದವನು. ಆದರೂ ಅವಳ ಬಾಯಲ್ಲಿ ಹುಡುಗನೇ.

ರೇವಣಸಿದ್ಧ ಎತ್ತಿಕೊಂಡದ್ದು ಬೆಣ್ಣಿ ಸಾರಂಗ. ಸಾರಂಗಗಳೆಲ್ಲ ಮಧ್ಯಾಹ್ನದ ರಾಗಗಳು, ಅವುಗಳಲ್ಲಿ ಸಾಮಾನ್ಯವಾಗಿ ಗಾಂಧಾರವೆಂಬ ಮೂರನೆಯ ಸ್ವರ ಇರುವುದಿಲ್ಲ. ಹಿಂದೆ ದೊಡ್ಡ ಬುವಾ ಎಂಬ ಗವಾಯಿಯೊಬ್ಬರು ಬೆಣ್ಣಿಹಳ್ಳದ ದಂಡೆಯ ಮೇಲೆ ಕೂತು ಹಾಡಿಕೊಳ್ಳುತ್ತ ಅದರೊಳಗೆ ಒಂದು ಗಾಂಧಾರ ಇಟ್ಟರು. ಅದು ಕೆಳಗಿನ ಕೋಮಲವೂ ಅಲ್ಲ, ಮೇಲಿನ ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ ಇರುವಂಥದು. ನೀರಿಗಿಳಿಯುವ ಮುಂಚೆ ತಣ್ಣಗಿದೆಯೋ ಎಂದು ಕಾಲ್ಬೆರಳಿಂದ ಮುಟ್ಟಿ ನೋಡುವ ಹಾಗೆ ಮುಟ್ಟಿ ಬಿಡಬೇಕು. ಎಷ್ಟು ಮುಟ್ಟಬೇಕು ಎಂಬುದನ್ನು ಬರೆದಿಡಲು ಬರುವುದಿಲ್ಲ. ಬುವಾ ಅದನ್ನು ತಮ್ಮ ಶಿಷ್ಯೆ ಶಕುಂತಲಾಬಾಯಿ ಗುಡಗೇರಿಯವರ ಗಂಟಲಿಗೆ ದಾಟಿಸಿದ್ದರು. ಶಕುಂತಲಾಬಾಯಿ, ಎಂದರೆ ಎಲ್ಲ ಶಿಷ್ಯರ ಪಾಲಿನ ‘ಅಕ್ಕಾರು’, ಅದನ್ನು ರೇವಣಸಿದ್ಧನಿಗೆ ಕೊಟ್ಟಿದ್ದರು. ಹಾಗೆಂದು ಜಗತ್ತು ನಂಬಿತ್ತು.

ನೀಲಗಂಗಾ ಮೊದಲು ತನ್ನ ಕಿವಿಯನ್ನೇ ಅನುಮಾನಿಸಿದಳು. ರೇವಣಸಿದ್ಧನ ಆಧಾರಸ್ವರ ಷಡ್ಜವೇ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ರಿಷಭ ಒಂದು ಸಲ ಒಂದು ಕಡೆ, ಇನ್ನೊಂದು ಸಲ ಇನ್ನೊಂದು ಕಡೆ. ಗಾಂಧಾರದ ಹತ್ತಿರ ಬಂದಾಗಲಂತೂ ಕತ್ತಲೆಯಲ್ಲಿ ಗೂಟಕ್ಕೆ ತಡಕಾಡುವವನಂತೆ ತಡಕಾಡಿ ಸಿಕ್ಕಿದಲ್ಲಿ ಕೈ ಹಾಕುತ್ತಿದ್ದ. ಹಿಂದೆ ಕೂತಿದ್ದ ಹುಡುಗಿ ಭಕ್ತಿಯಿಂದ ಮೀಟುತ್ತಿದ್ದ ತಂಬೂರಿಯ ನಾಲ್ಕು ತಂತಿಗಳು ನಾಲ್ಕು ದಿಕ್ಕಿಗೆ ಹೋಗಿದ್ದವು. ಶ್ರುತಿ ಮಾಡುವ ಬಿರಟೆಗಳನ್ನು ಯಾರೂ ವರ್ಷಗಟ್ಟಲೆ ತಿರುವಿದಂತಿರಲಿಲ್ಲ. ಯಾಕೆ ತಿರುವಬೇಕು? ಇಂಪು ತನ್ನದೇ ಷಡ್ಜ ಹಿಡಿದುಕೊಂಡಿರುತ್ತದೆ, ತಂಬೂರಿಯನ್ನೂ ಅದೇ ತಿದ್ದುತ್ತದೆ. ಮತ್ತೆ ಗಾಂಧಾರ ಬಂತು, ಮತ್ತೆ ತಪ್ಪಿತು, ಎಂಟುನೂರು ಜನ ಒಟ್ಟಿಗೆ ‘ವಾಹ್’ ಎಂದರು. ಪಕ್ಕದಲ್ಲಿದ್ದ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ; ಇಲ್ಲಿ ಕೋಣವೇ ಹಾಡುತ್ತಿದ್ದರೂ ಅವರಿಗೆ ಕಿನ್ನರಿಯೇ ಕೇಳುತ್ತಿತ್ತು ಎಂದು ಅವಳಿಗೆ ಅನ್ನಿಸಿ, ಆ ಅನ್ನಿಸಿಕೆಗೆ ತಾನೇ ಹೆದರಿದಳು.

ಗಾಯವಾದ ಕಿವಿಯನ್ನು ನಂಬಬಾರದೆಂದು ತಿದ್ದದ ದನಿಯನ್ನೇ ಫೋನಿನಲ್ಲಿ ಹಿಡಿದು ಮನೆಗೆ ಹೋಗಿ ಅಳೆದಳು. ಕಿವಿ ಹೇಳಿದ್ದನ್ನೇ ಅಳತೆಯೂ ಹೇಳಿತು.

ಇಂಪು ಹುಟ್ಟಿದ್ದು ಯಾರನ್ನೂ ಕೆಡಿಸಲಿಕ್ಕಲ್ಲ. ನೀಲಗಂಗಾ ಚಿಕ್ಕವಳಿದ್ದಾಗ ಅಕ್ಕಾರ ಹತ್ತಿರವೇ ಹಾಡು ಕಲಿಯಲು ಹೋಗುತ್ತಿದ್ದಳು. ಅವಳ ಕಿವಿ ಎಷ್ಟು ಚುರುಕಿತ್ತೆಂದರೆ ಅಡುಗೆಮನೆಯಲ್ಲಿ ಬಿದ್ದ ತಟ್ಟೆಯ ಸ್ವರ ಹೇಳುತ್ತಿದ್ದಳು. ಗಂಟಲು ಮಾತ್ರ ಎಣ್ಣೆ ಕಾಣದ ಬಾಗಿಲು. ಕೆಲವು ವರ್ಷ ಕಾದು ನೋಡಿದ ಅಕ್ಕಾರು ಒಂದು ದಿನ ಅವಳನ್ನು ಹತ್ತಿರ ಕೂರಿಸಿಕೊಂಡು, ದೇವರು ನಿನಗೆ ಕಿವಿ ಕೊಟ್ಟಿದ್ದಾನೆ, ಗಂಟಲು ಕೊಟ್ಟಿಲ್ಲ, ಕಿವಿಯ ವಿದ್ಯೆಯನ್ನೇ ಕಲಿ ಎಂದು ನೇರವಾಗಿ ಹೇಳಿಬಿಟ್ಟಿದ್ದರು. ಅವಳು ಅತ್ತಳು, ಆಮೇಲೆ ಕಲಿತಳು.

ಅಕ್ಕಾರಿಗೆ ಅರವತ್ತು ದಾಟಿದ ಮೇಲೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಅದು ಎಡಗಿವಿಯನ್ನು ಕೆಡಿಸಿ ಹೋಯಿತು. ಕಿವುಡಾಗಲಿಲ್ಲ, ಅದಕ್ಕಿಂತ ಕೆಟ್ಟದ್ದಾಯಿತು. ಎಡಗಿವಿಗೆ ಪ್ರತಿಯೊಂದು ಸ್ವರವೂ ಬಲಗಿವಿಗಿಂತ ತುಸು ಮೇಲೆ ಕೇಳತೊಡಗಿತು. ವೈದ್ಯರು ಇದಕ್ಕೆ ಒಂದು ಹೆಸರು ಹೇಳಿ, ಔಷಧ ಇಲ್ಲವೆಂದರು. ಬೇರೆಯವರಾಗಿದ್ದರೆ ಹೇಗೋ ಹೊಂದಿಕೊಳ್ಳುತ್ತಿದ್ದರು. ಅಕ್ಕಾರು ತಂಬೂರಿಗೆ ಗವಸು ಹಾಕಿ ಮೂಲೆಗೆ ಒರಗಿಸಿ, ಶಿಷ್ಯರನ್ನೆಲ್ಲ ಮನೆಗೆ ಕಳಿಸಿದರು. “ತಂಬೂರಿ ಮುಟ್ಟಿದ್ರ ಇಬ್ಬರು ಹೆಂಗಸರು ನಳದ ಮುಂದ ಜಗಳಾ ಆಡಿದಂಗ ಕೇಳತೈತಿ ನೀಲಾ,” ಎಂದು ಹೇಳುವಾಗ ಅವರು ನಗಲು ಪ್ರಯತ್ನಪಟ್ಟಿದ್ದರು.

ನೀಲಗಂಗಾ ಆ ಕಿವಿಗಾಗಿ ಆ್ಯಪು ಬರೆದಳು. ಎಡಗಿವಿ ಎಷ್ಟು ತಪ್ಪುತ್ತದೋ ಅಳೆದು, ಅಷ್ಟೇ ಇಳಿಸಿ ಆ ಕಿವಿಗೆ ಕೊಡುವುದು ಮೊದಲಿನ ಯೋಚನೆ. ಆದರೆ ತಪ್ಪು ದಿನಕ್ಕೊಂದು ರೀತಿ ಇರುತ್ತಿತ್ತು. ಬೆಳಗಿನ ಅಳತೆ ಸಂಜೆಗೆ ಸುಳ್ಳಾಗುತ್ತಿತ್ತು. ತಿಂಗಳುಗಟ್ಟಲೆ ಒದ್ದಾಡಿ ಅವಳು ಒಂದು ಅಡ್ಡದಾರಿ ಹಿಡಿದಳು. ಕಿವಿಯ ತಪ್ಪನ್ನೆಲ್ಲ ಅಳೆಯುವುದು ಬಿಟ್ಟು, ಬರುವ ದನಿಯನ್ನೇ ಹತ್ತಿರದ ಸರಿಯಾದ ಸ್ವರಕ್ಕೆ ತಂದು ಕೂರಿಸಿ, ಹಾಗೆ ಉಳಿದ ಹನ್ನೆರಡೇ ಸ್ವರಗಳನ್ನು ಎರಡೂ ಕಿವಿಗೆ ಒಂದಾಗಿ ಕೇಳುವಂತೆ ಆಗಿಂದಾಗ ಹೊಂದಿಸಿ ಕೊಡತೊಡಗಿದಳು. ಕಿವಿಯ ದೋಷ ತಿದ್ದಲು ಹೊರಟವಳು ಜಗತ್ತನ್ನೇ ತಿದ್ದಿಟ್ಟಳು. ಹಾಡುವವನು ನಿಜವಾಗಿ ತಪ್ಪಿದರೆ ಅದೂ ಮುಚ್ಚಿಹೋಗುತ್ತದಲ್ಲ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಅಕ್ಕಾರ ಎದುರು ಯಾರು ತಪ್ಪಿ ಹಾಡುತ್ತಾರೆ ಎಂದುಕೊಂಡಳು.

ಅಕ್ಕಾರು ಬಿಲ್ಲೆ ಹಾಕಿಕೊಂಡು ತಂಬೂರಿ ಮೀಟಿದ ದಿನ ಮನೆಯವರೆಲ್ಲ ಅತ್ತರು. ಒಂದೇ ಒಂದು ಕೊರತೆ ಹೇಳಿದರು: ಬೆಣ್ಣಿ ಸಾರಂಗದ ಗಾಂಧಾರ ಸಪ್ಪಗಾಗಿದೆ. ಅದು ಆಗಲೇಬೇಕಿತ್ತು, ನಡುವಿನ ಸ್ವರವನ್ನು ಆ್ಯಪು ಹತ್ತಿರದ ಕೋಮಲಕ್ಕೋ ಶುದ್ಧಕ್ಕೋ ಎಳೆದು ಬಿಸಾಕುತ್ತಿತ್ತು. ನೀಲಗಂಗಾ ಅಕ್ಕಾರ ಹಳೆಯ ಧ್ವನಿಮುದ್ರಣಗಳಿಂದ ಆ ಗಾಂಧಾರವನ್ನು ಹೆಕ್ಕಿ ಆ್ಯಪಿಗೆ ಕಲಿಸಿದಳು. ಅಂದಿನಿಂದ ಬೆಣ್ಣಿ ಸಾರಂಗದಲ್ಲಿ ಯಾರು ಗಾಂಧಾರದ ಆಸುಪಾಸು ಸುಳಿದರೂ ಅಕ್ಕಾರ ಕಿವಿಗೆ ಬುವಾರ ಗಾಂಧಾರವೇ ಬೀಳುತ್ತಿತ್ತು. ಅವರು ಶಿಷ್ಯರನ್ನು ವಾಪಸು ಕರೆಸಿಕೊಂಡರು. ರೇವಣಸಿದ್ಧ ಹತ್ತು ವರ್ಷದವನಾಗಿ ಆ ಮನೆಗೆ ಬಂದದ್ದು ಅದರ ಮಾರನೆಯ ವರ್ಷ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಕಂಪನಿಯೊಂದು ಆ್ಯಪನ್ನು ಕೊಂಡು ಸಂಗೀತಪ್ರಿಯರಿಗೆಲ್ಲ ಕೊಟ್ಟಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇತ್ತು. ಈಗ ಓಣಿಗೆಲ್ಲ ಎಲ್ಲರ ಹೆಗ್ಗಣವೂ ಮುದ್ದಾಯಿತು. ಭಜನೆಯಲ್ಲಿ ಬಾಯಿ ಬಿಡಲು ನಾಚುತ್ತಿದ್ದವರು ದನಿ ಎತ್ತಿದರು. ಶಾಲೆಯಲ್ಲಿ ಹಿಂದಿನ ಸಾಲಿಗೆ ನೂಕಿಸಿಕೊಂಡಿದ್ದವರು ಮದುವೆ ಮನೆಗಳಲ್ಲಿ ಹಾಡಿದರು. ತಾಯಂದಿರು ತಮ್ಮ ಜೋಗುಳ ಮಗುವಿಗೆ ಇಂಪಾಗಿ ಕೇಳಲೆಂದು ತೊಟ್ಟಿಲಿನಲ್ಲೇ ಪುಟ್ಟ ಬಿಲ್ಲೆ ಹಾಕಿದರು. ಅದನ್ನೆಲ್ಲ ನೋಡಿ ನೀಲಗಂಗಾ ನಿಜವಾಗಿ ಸಂತೋಷಪಟ್ಟಿದ್ದಳು. ಗಂಟಲು ಕೊಡದ ದೇವರ ಲೆಕ್ಕವನ್ನು ತಾನು ಸರಿಮಾಡಿದೆ ಎಂಬ ಸಣ್ಣ ಸೊಕ್ಕೂ ಇತ್ತೆನ್ನಿ.

ಆದರೆ ಅಕ್ಕಾರ ಮನೆಯ ಒಂದು ರೀತಿಯನ್ನು ಅವಳು ಮರೆತಿದ್ದಳು. ಬುವಾರ ಕಾಲದಿಂದಲೂ ಆ ಪರಂಪರೆಯಲ್ಲಿ ಗುರು ‘ತಪ್ಪು’ ಎನ್ನುವುದಿಲ್ಲ, ‘ಶಭಾಶ್’ ಎನ್ನುವುದೂ ಇಲ್ಲ. ಶಿಷ್ಯ ತಪ್ಪಿದರೆ ಗುರು ಅದೇ ಜಾಗವನ್ನು ತಾನು ಮತ್ತೊಮ್ಮೆ ಹಾಡುತ್ತಾರೆ, ಅವನು ಹಿಡಿಯುವ ತನಕ ಹಾಡುತ್ತಲೇ ಇರುತ್ತಾರೆ. ಸರಿಯಾದರೆ ಸುಮ್ಮನೆ ಮುಂದಕ್ಕೆ ಹೋಗುತ್ತಾರೆ. ಗುರು ಸುಮ್ಮನಿದ್ದರೆ ಅದೇ ಆಶೀರ್ವಾದ. ನೀಲಗಂಗಾ ಕಲಿಯುವಾಗ ಆ ಮೌನಕ್ಕಾಗಿ ವಾರಗಟ್ಟಲೆ ಕಾದವಳು. ಅಂಥ ಗುರುವಿನ ಕಿವಿಗೆ ತಪ್ಪೇ ಕೇಳಿಸದಂತೆ ಮಾಡಿದವಳೂ ಅವಳೇ. ಇಪ್ಪತ್ತು ವರ್ಷ ಅಕ್ಕಾರು ಸುಮ್ಮನೆ ಕೂತರು, ಶಿಷ್ಯರು ಒಬ್ಬರಾದ ಮೇಲೆ ಒಬ್ಬರು ಆಶೀರ್ವಾದ ಪಡೆದು ಹೊರಬಿದ್ದರು.

ಕಛೇರಿಯಾದ ಎರಡು ದಿನಕ್ಕೆ ಅವಳು ರೇವಣಸಿದ್ಧನ ಮನೆಗೆ ಹೋದಳು. ಅವನು ಒಳ್ಳೆಯವನು. ನಾಲ್ಕಾರು ಊರುಗಳಲ್ಲಿ ಹೆಸರಾಗಿದ್ದರೂ ಅವಳನ್ನು ಕಂಡರೆ ಇಂದಿಗೂ ಎದ್ದು ನಿಲ್ಲುತ್ತಿದ್ದ. ಅವಳು ಹೆಚ್ಚು ಸುತ್ತಿಬಳಸದೆ ಬಿಲ್ಲೆ ತೆಗೆಯಲು ಹೇಳಿ, ಎರಡು ಸ್ವರ ನುಡಿಸಿದಳು. ಒಂದು ಬುವಾರ ಗಾಂಧಾರ, ಇನ್ನೊಂದು ಅವನು ಭಾನುವಾರ ಹಾಡಿದ್ದು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳಿದಳು.

ಅವನು ತಲೆ ಬಾಗಿಸಿ ಕೇಳಿದ. ಮತ್ತೊಮ್ಮೆ ನುಡಿಸಲು ಹೇಳಿದ. ಮತ್ತೂ ಒಮ್ಮೆ. ಆಮೇಲೆ ಅವಳ ಮುಖ ನೋಡಿ, “ಎರಡೂ ಒಂದ ಅಲ್ಲೇನ್ರೀ?” ಎಂದ.

ಅವಳು ಅಂತರ ಹೆಚ್ಚಿಸುತ್ತ ಹೋದಳು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳೂ ಒಂದು ಕಾಲದಲ್ಲಿ ಬೇರೆ ಬೇರೆ ಎನ್ನುತ್ತಿದ್ದಷ್ಟು ಅಂತರಕ್ಕೆ ಬಂದ ಮೇಲೆ ಅವನಿಗೆ ಏನೋ ವ್ಯತ್ಯಾಸ ತಿಳಿಯಿತು. ಅದೂ ಅನುಮಾನದಲ್ಲೇ. ಕಿವಿಯೇನೂ ಕೆಟ್ಟಿರಲಿಲ್ಲ, ಪಿಸುಮಾತು ಕೂಡ ಕೇಳುತ್ತಿತ್ತು. ಕೇಳಿದ್ದನ್ನು ತೂಗಿ ನೋಡುವ ಮಿದುಳಿನ ಭಾಗ ಕೆಲಸವಿಲ್ಲದೆ ಸೊರಗಿತ್ತು. ಮುರಿದ ಕಾಲಿಗೆ ಪಟ್ಟಿ ಕಟ್ಟಿ ಬಿಟ್ಟರೆ ಕಾಲು ಸಣ್ಣಗಾಗುತ್ತದಲ್ಲ, ಹಾಗೆ. ದಿನಾ ಬರಿಗಿವಿಯಲ್ಲಿ ಯಂತ್ರದ ಸ್ವರ ತೂಗುವುದೇ ಕಸುಬಾದ್ದರಿಂದ ಅವಳದು ಉಳಿದಿತ್ತು. ಇವನಿಗಾದರೂ ಹತ್ತು ವರ್ಷದ ತನಕ ಬರಿಗಿವಿ ಇತ್ತು. ಈಗ ತೊಟ್ಟಿಲಿನಲ್ಲೇ ಬಿಲ್ಲೆ ಹಾಕಿಸಿಕೊಂಡವರಿಗೆ ತೂಕದ ಕಲ್ಲೇ ಹುಟ್ಟಿರುವುದಿಲ್ಲ ಎಂಬುದು ಆಗ ಅವಳಿಗೆ ಸ್ಪಷ್ಟವಾಯಿತು.

ಫೋನಿನ ಪರದೆಯ ಮೇಲೆ ಅವನ ದನಿಯ ಗೆರೆ ಬರುವಂತೆ ಮಾಡಿ, ಬುವಾರ ಗಾಂಧಾರಕ್ಕೆ ಒಂದು ಗುರುತು ಹಾಕಿ, ಅದನ್ನು ಮುಟ್ಟಿ ಹಾಡಲು ಹೇಳಿದಳು. ಅರ್ಧ ದಿನದ ಒದ್ದಾಟದಲ್ಲಿ ಕೆಲವು ಸಲ ಮುಟ್ಟಿದ. ಕಣ್ಣು ಪರದೆಯ ಮೇಲಿದ್ದಷ್ಟು ಹೊತ್ತು ಸ್ವರ ಅಲ್ಲಿತ್ತು, ರೆಪ್ಪೆ ಬಡಿದರೆ ಜಾರುತ್ತಿತ್ತು. ಹಳೆಯ ಧ್ವನಿಮುದ್ರಣ ಹಾಕಿ ಕೇಳಿಸಿದರೂ ಅಷ್ಟೇ. ತಾನು ಹಾಡಿದ್ದು ಅದರ ಹಾಗಿದೆಯೋ ಇಲ್ಲವೋ ಅವನಿಗೆ ತಿಳಿಯುವ ದಾರಿಯಿರಲಿಲ್ಲ. ಕೊನೆಗೆ ಪರದೆಯನ್ನು ಮಗುಚಿಟ್ಟು ಕೇಳಿದ.

“ಹಂಗಾರ ಅಕ್ಕಾರು ಯಾಕ ಸುಮ್ಮ ಕೂತಿದ್ರರೀ?”

ಅವಳು ಹೇಳಿದಳು. ಅಡ್ಡದಾರಿಯಿಂದ ಹಿಡಿದು ಎಲ್ಲವನ್ನೂ. ಅವನು ಸಿಟ್ಟಾಗಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಸಿಟ್ಟಾಗಲಿಲ್ಲ, ಗೋಡೆಗೆ ಆತು ಕೂತು, ತನ್ನ ಹತ್ತಿರ ಕಲಿಯುತ್ತಿರುವ ಮಕ್ಕಳ ಹೆಸರುಗಳನ್ನು ಮೆಲ್ಲಗೆ ಹೇಳಿಕೊಳ್ಳತೊಡಗಿದ. ಆ ಹೆಸರುಗಳು ಮುಗಿಯುವ ತನಕ ಅವಳಿಗೆ ಅಲ್ಲಿಂದ ಏಳಲಾಗಲಿಲ್ಲ.

ಮುಂದಿನ ವಾರ ಅವನು ಮಕ್ಕಳ ಕಿವಿಯ ಬಿಲ್ಲೆ ತೆಗೆಸಿ ಪಾಠ ಮಾಡಿದ. ಮಕ್ಕಳಿಗೆ ತಮ್ಮ ದನಿ ಒರಟಾಗಿ ಕೇಳಿತೇ ಹೊರತು ತಪ್ಪಾಗಿ ಕೇಳಲಿಲ್ಲ. ಮೂರನೆಯ ದಿನ ತಂದೆತಾಯಿ ಬಂದು, ಮಕ್ಕಳ ದನಿ ಕೆಟ್ಟುಹೋಗುತ್ತಿದೆ, ಹಳೆಯ ರೀತಿಯಲ್ಲೇ ಕಲಿಸುವುದಾದರೆ ಕಲಿಸಿ, ಇಲ್ಲವಾದರೆ ಬೇರೆ ಕಡೆ ಸೇರಿಸುತ್ತೇವೆ ಎಂದರು. ಹಳೆಯ ರೀತಿ ಎಂದರೆ ಅವರ ಲೆಕ್ಕದಲ್ಲಿ ಇಂಪಿನ ರೀತಿ. ನೀಲಗಂಗಾ ಕಂಪನಿಗೆ ಹೋದಳು. ಅಲ್ಲಿ ಚಹಾ ಕೊಟ್ಟು ಕೂರಿಸಿ, ಇಂಥ ದೂರು ಈ ತನಕ ಒಂದೂ ಬಂದಿಲ್ಲವೆಂದು ವಿನಯದಿಂದ ಹೇಳಿದರು. ನಿಜವೇ. ತಪ್ಪು ಕೇಳಿಸಿದರಲ್ಲವೇ ದೂರು ಬರುವುದು?

ಅವಳಿಗೆ ಉಳಿದದ್ದು ಒಂದೇ ಆಸೆ. ಹಾಡ್ತಾ ಹಾಡ್ತಾ ರಾಗ ಎನ್ನುತ್ತಾರೆ. ಅಕ್ಕಾರು ಬಿಲ್ಲೆ ಹಾಕುವ ಮುಂಚೆ ಐವತ್ತು ವರ್ಷ ಹಾಡಿದವರು. ಅಷ್ಟು ವರ್ಷ ಹಾಡಿದ ಗಂಟಲಿಗೆ ಕಿವಿಯ ಹಂಗು ಇರಲಾರದು. ದಾರಿ ಕಾಲಿಗೇ ಗೊತ್ತಿರುವ ಹಾಗೆ ಗಾಂಧಾರ ಆ ಗಂಟಲಿಗೇ ಗೊತ್ತಿರುತ್ತದೆ. ಅವರ ಬಾಯಿಂದ ಅದನ್ನು ಬಿಡಿಸಿಕೊಂಡು, ಬಿಲ್ಲೆ ಕಾಣದ ಯಾವುದಾದರೂ ಹಸುಳೆಯನ್ನು ಹುಡುಕಿ, ತಾನು ಕಿವಿಯಾಗಿ ಪಕ್ಕದಲ್ಲಿ ಕೂತು ದಾಟಿಸಿದರೆ ಹೊಳೆ ದಾಟೀತು ಎಂದು ಲೆಕ್ಕ ಹಾಕಿದಳು.

ಅಕ್ಕಾರಿಗೆ ಆಗ ಎಂಬತ್ತನಾಲ್ಕು. ಮನೆ ತುಂಬ ಶಿಷ್ಯರು. ಒಬ್ಬಳು ರೊಟ್ಟಿ ಬಡಿಯುತ್ತಿದ್ದಳು, ಇನ್ನೊಬ್ಬಳು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನೀಲಗಂಗಾ ಎಲ್ಲರನ್ನೂ ಹೊರಗೆ ಕಳಿಸಿ, ಸಂಶೋಧನೆಗೆ ಬೇಕಾಗಿದೆ, ಬಿಲ್ಲೆ ತೆಗೆದು ಒಂದು ಸಲ ಬೆಣ್ಣಿ ಸಾರಂಗ ಹಾಡಬೇಕು ಎಂದು ಕೇಳಿದಳು. ತಂಬೂರಿಯನ್ನು ತಾನೇ ಶ್ರುತಿ ಮಾಡಿದಳು. ಬಿರಟೆಗಳು ಬಿಗಿದುಕೊಂಡು ಅವಳ ಬೆರಳು ಕೆಂಪಾಯಿತು.

ಅಕ್ಕಾರು ಬಿಲ್ಲೆ ತೆಗೆದರು. ತಂಬೂರಿ ಕೇಳಿ ಅವರ ಹುಬ್ಬು ಗಂಟಾಯಿತು, ಜಗಳ ಮತ್ತೆ ಶುರುವಾಗಿತ್ತು. ಆದರೂ ಕಣ್ಣು ಮುಚ್ಚಿ ಹಾಡಿದರು. ಷಡ್ಜವೇ ಇಳಿದಿತ್ತು. ವಯಸ್ಸಿನ ಗಂಟಲು, ಇರಲಿ ಎಂದುಕೊಂಡು ನೀಲಗಂಗಾ ಗಾಂಧಾರಕ್ಕೆ ಕಾದಳು. ಗಾಂಧಾರ ಬಂತು. ಕೋಮಲಕ್ಕಿಂತಲೂ ಕೆಳಗೆ, ಯಾವ ರಾಗಕ್ಕೂ ಸೇರದ ಒಂದು ಜಾಗದಲ್ಲಿ ಅದು ಕುಸಿದು ಕೂತಿತು. ಎರಡನೆಯ ಸಲ ಇನ್ನೊಂದು ಕಡೆ ಕೂತಿತು. ಇಪ್ಪತ್ತು ವರ್ಷ ಎಲ್ಲಿ ಹೋದರೂ ಸರಿಯಾಗಿಯೇ ಕೇಳಿಸಿಕೊಂಡ ಗಂಟಲು, ಹೋಗಬೇಕಾದ ಜಾಗಕ್ಕೆ ಹೋಗುವುದನ್ನೇ ಎಂದೋ ಬಿಟ್ಟಿತ್ತು.

ಹಾಡು ನಿಂತಿತು. ಅಕ್ಕಾರು ಕಣ್ಣು ತೆರೆದು ಅವಳ ಮುಖವನ್ನೇ ನೋಡಿದರು. ಆ ಮುಖ ಅವರಿಗೆ ಅವಳು ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಗೊತ್ತು.

“ಎಲ್ಲೆ ಕೂತತಿ ಅದು?” ಎಂದರು.

“ಕೆಳಗ, ಅಕ್ಕಾರ.”

“ಹುಡುಗೂರದು?”

ನೀಲಗಂಗಾ ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದಳು. ಅಕ್ಕಾರಿಗೆ ಅದರಲ್ಲೇ ಉತ್ತರ ಸಿಕ್ಕಿತು. ಯಾರನ್ನೂ ಬಯ್ಯದೆ, “ನಾ ಸುಮ್ಮ ಕೂತಿದ್ದೆ,” ಎಂದಷ್ಟೇ ಅಂದರು. ಅವಳು ಕಾಲು ಹಿಡಿಯಲು ಬಗ್ಗಿದರೆ ತಡೆದು, “ಅದೆಲ್ಲಾ ಆಮ್ಯಾಲೆ. ನಿನ್ನ ಕಿವ್ಯಾಗ ಐತಲ್ಲ? ನೀ ಹಾಡು,” ಎಂದರು.

ನಲವತ್ತು ವರ್ಷದಿಂದ ಬಾಯಿ ಬಿಡದವಳು ಹಾಡಿದಳು. ಗಾಂಧಾರ ಎಲ್ಲಿದೆಯೆಂದು ಅವಳಿಗೆ ಕೂದಲೆಳೆಯಷ್ಟು ಖಚಿತವಾಗಿ ಗೊತ್ತಿತ್ತು. ಗಂಟಲು ಅಲ್ಲಿಗೆ ಹೋಗಲೊಲ್ಲದು. ಒಮ್ಮೆ ಮೇಲೆ ಹಾರುತ್ತಿತ್ತು, ಒಮ್ಮೆ ಮುಂಚೆಯೇ ಮುರಿಯುತ್ತಿತ್ತು. ಪ್ರತಿ ಸಲವೂ ತಪ್ಪಿತೆಂದು ಅವಳಿಗೇ ಗೊತ್ತಾಗಿ, ಅವಳೇ ನಿಲ್ಲಿಸಿ, ಮತ್ತೆ ಶುರು ಮಾಡುತ್ತಿದ್ದಳು. ಎದುರಿಗೆ ಕೂತ ಮುದುಕಿಗೆ ಆ ಒಂದೊಂದು ತಪ್ಪೂ ಎರಡೆರಡಾಗಿ ಕೇಳುತ್ತಿತ್ತು. ಹೊರಗೆ ರೊಟ್ಟಿ ಬಡಿಯುವ ಸದ್ದು ನಿಂತು, ಶಿಷ್ಯೆಯರು ಬಾಗಿಲ ಹತ್ತಿರ ಬಂದು ಇಣುಕಿ, ಇವರಿಬ್ಬರ ಮುಖ ನೋಡಿ ಹಿಂದಕ್ಕೆ ಸರಿದರು. ಕೊನೆಗೆ ಅಕ್ಕಾರು ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಸಾಕು ಎಂದರು.

ಆಮೇಲೆ ಬಿಲ್ಲೆಗಳನ್ನು ಮತ್ತೆ ಕಿವಿಗೆ ಹಾಕಿಕೊಂಡು, ಒಂದೇ ಒಂದು ಸಲ ಹಾಡು ಎಂದು ಕೇಳಿದರು. ನೀಲಗಂಗಾ ಅಳುತ್ತಲೇ, ಒಡೆದ ದನಿಯಲ್ಲಿ, ಎಲ್ಲಿಗೋ ಹೋಗಿ ಬಿದ್ದ ಗಾಂಧಾರ ಹಾಡಿದಳು. ಅಕ್ಕಾರ ಮುಖ ಅರಳಿತು. ಬುವಾ ಎದುರಿಗೆ ಬಂದು ಕೂತರೇನೋ ಎಂಬಂತೆ ಸೆರಗು ಸರಿಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು. ಮುಗಿದ ಮೇಲೆ ಬಿಲ್ಲೆಗಳನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಸುಳ್ಳ ಹೇಳತೈತಿ ಇದು. ಆದ್ರ ಎಷ್ಟ ಚಂದ ಹೇಳತೈತಿ ನೋಡು.”

ಆ ಬಿಲ್ಲೆಗಳನ್ನು ಅವರು ಮತ್ತೆ ಕೇಳಲಿಲ್ಲ. ಮನೆಯಲ್ಲಿ ಯಾರೂ ಹಾಡಕೂಡದೆಂದರು. ಹಾಲು ಉಕ್ಕುವ ಸದ್ದು, ಬಾಗಿಲ ಸದ್ದು, ಹೆಸರು ಹಿಡಿದು ಕರೆಯುವ ಸದ್ದು ಎಲ್ಲವೂ ಎರಡೆರಡಾಗಿ ಬಂದು ಕಿವಿಗೆ ಬಡಿಯುತ್ತಿದ್ದರೂ ತಾಳಿಕೊಂಡರು. ನೀಲಗಂಗಾ ದಿನಾ ಹೋಗಿ ಕೂರುತ್ತಿದ್ದಳು. ಬಿಲ್ಲೆ ಕಾಣದ ಮಗುವಿಗಾಗಿ ಊರೂರು ವಿಚಾರಿಸುತ್ತಿದ್ದಳು. ಸಿಕ್ಕ ಒಂದೆರಡು ಕೂಸುಗಳಿಗೆ ಹಳೆಯ ಮುದ್ರಣ ಕೇಳಿಸಿದಳು, ಆದರೆ ತಪ್ಪಿದ ಜಾಗವನ್ನು ಮತ್ತೆ ಮತ್ತೆ ಹಾಡಿ ತೋರಿಸಲು ಗಂಟಲು ಎಲ್ಲಿತ್ತು? ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿತ್ತು. ಅಕ್ಕಾರು ಅದರ ಬಗ್ಗೆ ಏನೂ ಕೇಳಲಿಲ್ಲ. ಬೇಸಿಗೆಯ ಕೊನೆಯಲ್ಲಿ, ಒಂದು ಮಧ್ಯಾಹ್ನ, ಮಲಗಿದಲ್ಲೇ ಹೋದರು.

ಅಂಗಳ ತುಂಬ ಜನ ಸೇರಿದರು. ಗುರುವಿಗೆ ಕಾಣಿಕೆಯೆಂದು ಶಿಷ್ಯರು, ಅವರ ಶಿಷ್ಯರು, ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಬೆಣ್ಣಿ ಸಾರಂಗ ಹಾಡಿದರು. ನೂರು ಷಡ್ಜ ನೂರು ಕಡೆ ನಿಂತವು. ಗಾಂಧಾರ ಬಂದಾಗ ಎದ್ದ ಗದ್ದಲವನ್ನು ನೀಲಗಂಗಾ ಬರಿಗಿವಿಯಲ್ಲಿ ಕೇಳಿದಳು. ಹಾಡುವವರು ಕಣ್ಣೀರಿಡುತ್ತಿದ್ದರು. ಎಷ್ಟು ಚೆನ್ನಾಗಿ ಕಲಿಸಿ ಹೋದರು ಎಂದು ಜನ ಪಿಸುಗುಟ್ಟುತ್ತಿದ್ದರು.

ರೇವಣಸಿದ್ಧ ಹಾಡಲಿಲ್ಲ. ಅವನೂ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವಳ ಕಿವಿಯ ಹತ್ತಿರ ಬಗ್ಗಿ, “ನನಗ ತಿಳಿಯೂದಿಲ್ರಿ. ನೀವ ಹೇಳ್ರಿ, ಹೆಂಗ ಹಾಡಾಕತ್ತಾರ?” ಎಂದು ಕೇಳಿದ.

“ತಪ್ಪ ಹಾಡಾಕತ್ತಾರಪಾ,” ಎಂದಳು ಅವಳು.

ಅವನು ತಲೆಯಾಡಿಸಿದ. ಆ ಅಂಗಳದಲ್ಲಿ ಅವನಿಗೆ ಅಳು ಬಂದದ್ದು ಆಗಲೇ.

ನೀಲಗಂಗಾಳಿಗೆ ಹತ್ತು ವರ್ಷವಾಗಿದ್ದದ್ದು ಈ ಶತಮಾನದ ಇಪ್ಪತ್ತರ ದಶಕದ ಆರಂಭದಲ್ಲಿ. ಫೋನಿನಲ್ಲಿ ಆಗಲೇ ತಂಬೂರಿಯ ಆ್ಯಪು ಬಂದಿತ್ತು, ತಬಲದ ಆ್ಯಪು ಬಂದಿತ್ತು, ಯಾವ ಹಾಡು ಬೇಕೆಂದರೆ ಆ ಹಾಡು ಹುಡುಕಿ ಕೊಡುವ ಆ್ಯಪು ಬಂದಿತ್ತು. ಎಲ್ಲ ಉಪಯೋಗದ ವಸ್ತುಗಳೇ, ಯಾರಿಗೂ ಅವುಗಳಿಂದ ಕೇಡಾಗಲಿಲ್ಲ. ಆಗಲೂ ಜನ ಅಪಸ್ವರ ಹಾಡುತ್ತಿದ್ದರು; ಪಕ್ಕದ ಮನೆಯ ಹಾರ್ಮೋನಿಯಂ ಬೆಳಗ್ಗೆ ಬೆಳಗ್ಗೆ ಪ್ರಾಣ ತೆಗೆಯುತ್ತಿತ್ತು. ಆದರೆ ಒಬ್ಬರು ತಪ್ಪಿದರೆ ಕೋಣೆಯಲ್ಲಿ ಯಾರಾದರೊಬ್ಬರು ಮುಖ ಕಿವುಚುತ್ತಿದ್ದರು. ಅಜ್ಜಿಯೋ, ಅಣ್ಣನೋ, ಬಂದ ನೆಂಟರೋ. ಹಾಡುವ ಮಗು ಆ ಮುಖ ನೋಡಿ, ನಾಚಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಡುತ್ತಿತ್ತು. ಹೀಗೆ ಕಿವುಚಿದ ಮುಖಗಳ ಮೇಲೆ ಕಾಲಿಟ್ಟುಕೊಂಡೇ ರಾಗವೊಂದು ಬುವಾರಿಂದ ಅಕ್ಕಾರ ತನಕ ನಡೆದು ಬಂದಿತ್ತು. ಆ ಕಿವುಚಿದ ಮುಖವನ್ನು ಕಾಪಾಡಿಕೊಳ್ಳಬೇಕಾದ ಸೊತ್ತೆಂದು ಆಗ ಯಾರೂ ಅಂದುಕೊಂಡಿರಲಿಲ್ಲ, ಅವಮಾನವೆಂದೇ ಅಂದುಕೊಂಡಿದ್ದರು.

ನೀಲಗಂಗಾ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಹಾಡು ನಡೆದೇ ಇತ್ತು. ಒಂದು ಮುಖವೂ ಕಿವುಚಲಿಲ್ಲ.